ಅವ್ವನ ತಟ್ಟೆ, ನಾನು ಅಂಟಿಸಿದ ಹಾಳೆ

ನಮ್ಮವ್ವ ದಪ್ಪಗಾಗಿದ್ದಾಳೆ ಅಂತ ಕೇರಿಯಲ್ಲಿ ಮೊದಲು ಹೇಳಿದವಳು ಹಿಂದಿನ ಮನೆಯ ಚಿಕ್ಕವ್ವ. ‘ನೋಡ್ಲ ಮಗ, ನಿಮ್ಮವ್ವುನ್ ಮೊಖದಲ್ಲಿ ಕಳೆ ಬಂದದೆ. ಕೂಲಿಗೋಗದು ಬುಟ್ಟ ಮ್ಯಾಲೆ ಮೈ ತುಂಬ್ಕಂಡವ್ಳೆ’ ಅಂದಳು. ೨೦೨೩ರ ಮಳೆಗಾಲ. ನನಗೂ ಹಾಗೇ ಅನ್ನಿಸಿತ್ತು. ನನಗೆ ಬುದ್ಧಿ ತಿಳಿದಾಗಿನಿಂದ ಅವ್ವನ ಕೆನ್ನೆ ಉಬ್ಬಿದ್ದನ್ನು ನಾನು ನೋಡಿರಲಿಲ್ಲ. ನಾಟಿ, ಕಳೆ, ಕಬ್ಬಿನ ಸೋಗೆ ಅಂತ ಮೂವತ್ತು ವರ್ಷ ನಾಲೆ ಬಯಲಿನಲ್ಲಿ ಬಗ್ಗಿದವಳ ಮೈಯಲ್ಲಿ ಮಾಂಸ ನಿಂತಿದ್ದೇ ಇಲ್ಲ. ಈಗ ಮುಖ ಗುಂಡಗಾಗಿದೆ, ಬಳೆ ಏರುತ್ತಿಲ್ಲ. ಕಾಯಿಲೆಯವಳಾದರೂ ಕೂತು ಉಣ್ಣುವ ಕಾಲ ಬಂತಲ್ಲ ಅಂತ ಒಂದು ಕಡೆ ಸಮಾಧಾನ.

ಅದು ಮೈಯಲ್ಲ, ನೀರು. ಮೊಣಕಾಲ ಕೆಳಗೆ ಹೆಬ್ಬೆಟ್ಟಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ವಾರಕ್ಕೆ ಎರಡು ಸಲ ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಿಷನ್ನಿಗೆ ಮಲಗಿಸುತ್ತಿದ್ದರು. ನಾಲ್ಕು ಗಂಟೆಯಲ್ಲಿ ಆ ಮಿಷನ್ನು ಎರಡೂವರೆ ಮೂರು ಲೀಟರ್ ನೀರು ಎಳೆದುಹಾಕುತ್ತಿತ್ತು. ಎಳೆದ ಮೇಲೆ ತೂಕದ ಮಿಷನ್ನಿನ ಮೇಲೆ ಬಂದು ನಿಲ್ಲುತ್ತಿದ್ದವಳು ಬೇರೆಯೇ ಹೆಂಗಸು. ಕಣ್ಣು ಒಳಗೆ, ಕತ್ತಿನ ಮೂಳೆ ಹೊರಗೆ. ನೀರು ತೆಗೆದ ಮೇಲಿನ ತೂಕಕ್ಕೆ ಅಲ್ಲಿಯ ಹುಡುಗರು ‘ಡ್ರೈ ವೆಯ್ಟ್’ ಅನ್ನುತ್ತಾರೆ. ಒಣ ತೂಕ. ಅವ್ವನ ಕಾರ್ಡಿನಲ್ಲಿ ಫೆಬ್ರವರಿಯಲ್ಲಿ ೪೬ ಕಿಲೋ ಅಂತ ಬರೆದಿತ್ತು. ಅಕ್ಟೋಬರಿಗೆ ೩೮. ನಡುವೆ ಹೋದ ಎಂಟು ಕಿಲೋ ಅವ್ವನನ್ನು ನೀರು ಮುಚ್ಚಿಟ್ಟಿತ್ತು. ಕೇರಿಗೆ ಕಾಣಲಿಲ್ಲ, ಪಕ್ಕದಲ್ಲೇ ಮಲಗುವ ನನಗೂ ಕಾಣಲಿಲ್ಲ.

ಇದನ್ನು ಬರೆಯುತ್ತೇನೆ ಅಂದಾಗ ಗೆಳೆಯರು ‘ಸರ್ಕಾರಿ ಆಸ್ಪತ್ರೆಯ ಬಂಡವಾಳ ಬಯಲು ಮಾಡು’ ಅಂದರು. ಮಾಡಬಹುದು, ಬೇಕಾದಷ್ಟಿದೆ. ಆದರೆ ನ್ಯಾಯವಾಗಿ ಹೇಳಬೇಕೆಂದರೆ ಮಿಷನ್ನು ಇತ್ತು, ಪುಕ್ಕಟೆಯಾಗೇ ಇತ್ತು. ಹಿಂದೆ ನಮ್ಮಂಥವರಿಗೆ ಕಿಡ್ನಿ ಹೋದರೆ ಮನೆಯ ಮೂಲೆಯಲ್ಲಿ ಉಸಿರು ಬಿಗಿದು ಸಾಯುವುದೊಂದೇ ದಾರಿ. ೨೦೧೬ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಅಂತ ಘೋಷಿಸಿದ ಮೇಲೆ ಬಡವರಿಗೆ ಬಿಟ್ಟಿಯಾಗಿ ರಕ್ತ ತೊಳೆಯುವುದು ಶುರುವಾಯಿತು. ನಮ್ಮ ರಾಜ್ಯದಲ್ಲಿ ತಾಲ್ಲೂಕು ಆಸ್ಪತ್ರೆಗಳವರೆಗೂ ಬಂತು. ಬಸ್ಸೂ ಪುಕ್ಕಟೆ. ೨೦೨೩ರ ಜೂನ್‌ನಿಂದ ಅವ್ವನಿಗೆ ಟಿಕೆಟ್ ಇಲ್ಲ, ಜೊತೆಗೆ ಹೋಗುವ ನನಗೆ ಮಾತ್ರ ಉಂಟು. ರೇಷನ್ ಅಕ್ಕಿ ಪುಕ್ಕಟೆ. ಇಷ್ಟೆಲ್ಲ ಪುಕ್ಕಟೆ ಇದ್ದೂ ಅವ್ವ ಸವೆದುಹೋದದ್ದು ಹೇಗೆ? ಅದನ್ನು ಹೇಳಬೇಕಾದರೆ ನನ್ನಿಂದಲೇ ಶುರು ಮಾಡಬೇಕು.

ನಮ್ಮ ಮನೆಯಲ್ಲಿ ಓದು ಬಂದದ್ದು ನನಗೇ ಮೊದಲು. ಅಪ್ಪ ಹೆಬ್ಬೆಟ್ಟು ಒತ್ತಿಯೇ ತೀರಿಕೊಂಡ. ನಾನು ಬಿಎ ಮುಗಿಸಿದಾಗ ಅವ್ವ ಅಂಕಪಟ್ಟಿಯನ್ನು ತಲೆಕೆಳಗಾಗಿ ಹಿಡಿದು ನೋಡಿ ಕಣ್ಣಿಗೆ ಒತ್ತಿಕೊಂಡಳು. ಅಚ್ಚಾದ ಕಾಗದವೆಂದರೆ ಅವಳಿಗೆ ದೇವರಿಗಿಂತ ಒಂದು ಕೈ ಮೇಲು. ಹಕ್ಕುಪತ್ರ, ಸಾಲದ ನೋಟೀಸು, ರೇಷನ್ ಕಾರ್ಡು, ಎಲ್ಲ ಒಂದೇ ಟ್ರಂಕಿನಲ್ಲಿ, ಒಂದೇ ಭಯದಲ್ಲಿ. ೨೦೨೧ರಲ್ಲಿ ಅವ್ವನ ಕ್ರಿಯಾಟಿನಿನ್ ಏರಿದೆ ಅಂತ ಗೊತ್ತಾದಾಗ ಒಂದು ಆಸ್ಪತ್ರೆಯಲ್ಲಿ ಅಚ್ಚಾದ ಹಾಳೆ ಕೊಟ್ಟರು. ವರ್ಷಾನುಗಟ್ಟಲೆ ಬಿಪಿ ಇದ್ದದ್ದು ಗೊತ್ತೇ ಇರಲಿಲ್ಲ. ಸೊಂಟನೋವಿಗೆ ಅಂಗಡಿಯಿಂದ ತಂದು ನುಂಗಿದ ಮಾತ್ರೆಗಳಿಗೆ ಲೆಕ್ಕವಿಲ್ಲ. ಹಾಳೆಯ ಮೇಲೆ ‘ಪ್ರೋಟೀನ್ ಕಡಿಮೆ ಮಾಡಿ’ ಅಂತ ದಪ್ಪಕ್ಷರ. ಬೇಳೆ, ಕಾಳು, ಮೊಟ್ಟೆ, ಮೀನು, ಮಾಂಸದ ಎದುರಿಗೆ ಕೆಂಪು ಅಡ್ಡಗೆರೆ. ಆ ಹೊತ್ತಿಗೆ ಅದು ಸರಿಯಾದ ಮಾತೇ. ಸೋತ ಕಿಡ್ನಿಯ ಮೇಲೆ ಭಾರ ಹಾಕಬಾರದು, ಪ್ರೋಟೀನು ಮಿತಿಯಲ್ಲಿರಬೇಕು. ನಾನು ಅನ್ನ ಅರೆದು ಗಂಜಿ ಮಾಡಿ ಒಲೆ ಪಕ್ಕದ ಗೋಡೆಗೆ ಆ ಹಾಳೆ ಅಂಟಿಸಿದೆ.

ಅಂಟಿಸಿ ಸುಮ್ಮನಿರಲಿಲ್ಲ, ಕಾವಲು ಕೂತೆ. ಅವ್ವ ಅವರೆಕಾಳಿಗೆ ಕೈ ಹಾಕಿದರೆ ‘ಬ್ಯಾಡ’ ಅನ್ನುತ್ತಿದ್ದೆ. ತಮ್ಮ ಮೊಟ್ಟೆ ಒಡೆದರೆ ಅವ್ವನ ಕಡೆಗೆ ಕಣ್ಣು ಬಿಡುತ್ತಿದ್ದೆ. ಹಬ್ಬದಲ್ಲಿ ಬಾಡು ಬೆಂದರೆ ಅವಳಿಗೆ ಬರೀ ಅನ್ನ, ಮೇಲೆ ಮಜ್ಜಿಗೆ ನೀರು. ಅವ್ವ ಒಂದು ದಿನವೂ ಎದುರಾಡಲಿಲ್ಲ. ‘ಓದ್ದೋನು ಯೋಳ್ತವ್ನೆ’ ಅನ್ನುತ್ತಿದ್ದಳು, ಅಷ್ಟೆ.

೨೦೨೩ರ ಫೆಬ್ರವರಿಯಲ್ಲಿ ಎರಡು ಕಿಡ್ನಿಯೂ ಕೈಕೊಟ್ಟು ಮಿಷನ್ನು ಹತ್ತಿಸಬೇಕಾಯಿತು. ಹಾಳೆ ಗೋಡೆಯ ಮೇಲೇ ಇತ್ತು. ಮಿಷನ್ನಿಗೆ ಹತ್ತಿದ ದಿನದಿಂದ ಊಟದ ನಿಯಮ ಮಗುಚಿಕೊಳ್ಳುತ್ತದೆ, ಕಮ್ಮಿ ತಿನ್ನು ಅಂದದ್ದನ್ನೇ ಹೆಚ್ಚು ತಿನ್ನಬೇಕು ಅಂತ ನಮಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಎಂಟು ತಿಂಗಳು ಆ ಹಾಳೆಯೇ ನಮ್ಮ ಮನೆಯನ್ನು ಆಳಿತು.

ಆ ಎಂಟು ತಿಂಗಳಲ್ಲಿ ನಾನು ಹಸಿವಿನ ಮೇಲೆ ಹನ್ನೊಂದು ಪದ್ಯ ಬರೆದಿದ್ದೇನೆ. ಎಣಿಸಿ ನೋಡಿದೆ. ಎರಡು ಅಚ್ಚಾಗಿವೆ. ಒಂದನ್ನು ಜಿಲ್ಲಾ ಕೇಂದ್ರದ ಕವಿಗೋಷ್ಠಿಯಲ್ಲಿ ಓದಿ ಚಪ್ಪಾಳೆ ತಗೊಂಡು, ಅವರು ಹೊದಿಸಿದ ಶಾಲು ತಂದು ಅವ್ವನಿಗೆ ಹೊದಿಸಿದ್ದೆ. ಮಿಷನ್ನಿಂದ ಬಂದ ದಿನ ಅವಳಿಗೆ ಚಳಿ ಹಿಡಿಯುತ್ತಿತ್ತು.

ತಿಂಗಳಿಗೊಂದು ಸಲ ಬರುವ ಕಿಡ್ನಿ ಡಾಕ್ಟರಮ್ಮ ಅಕ್ಟೋಬರಿನಲ್ಲಿ ಅವ್ವನ ತೋಳು ಹಿಡಿದು ನೋಡಿದರು. ತೋಳಿನ ಮಾಂಸ ಚೀಲದ ಹಾಗೆ ಜೋತುಬಿದ್ದಿತ್ತು. ರಕ್ತದ ರಿಪೋರ್ಟು ತೆಗೆದರು. ಆಲ್ಬುಮಿನ್ ಅನ್ನುವ ಲೆಕ್ಕ ಮೂರೂವರೆಗಿಂತ ಮೇಲೆ ಇರಬೇಕಂತೆ; ಅವ್ವನದು ೨.೬. ‘ಏನಮ್ಮ ಊಟ ಮಾಡ್ತೀರಿ?’ ಅಂದರು. ಅವ್ವ ಹೇಳಿದಳು. ‘ಮೊಟ್ಟೆ?’ ‘ಇಲ್ರವ್ವ.’ ‘ಕಾಳು, ಬೇಳೆ?’ ‘ಇಲ್ರವ್ವ.’ ‘ಯಾರು ಬೇಡ ಅಂದಿದ್ದು ನಿಮಗೆ?’ ಅಂತ ದನಿ ಏರಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅವ್ವ ನನ್ನ ಕಡೆ ತಿರುಗಿಯೂ ನೋಡದೆ ‘ಗ್ವಾಡೆ ಮ್ಯಾಲೆ ಬರ್ದದೆ’ ಅಂದಳು.

ನನ್ನ ಹೆಸರು ಹೇಳಲಿಲ್ಲ.

ಗೆಳೆಯರೆ, ಅಕ್ಷರವನ್ನು ನಮ್ಮಿಂದ ಕಸಿದುಕೊಂಡಿದ್ದರು ಅಂತ ನಾವು ಸಭೆಗಳಲ್ಲಿ ಹೇಳುತ್ತೇವೆ. ಅದು ನಿಜ. ಕಸಿದುಕೊಂಡದ್ದನ್ನು ಮರಳಿ ಪಡೆದ ನಾನು ಮೊದಲು ಮಾಡಿದ್ದು ಅವ್ವನ ತಟ್ಟೆಗೆ ಅದರಿಂದಲೇ ಬೀಗ ಹಾಕಿದ್ದು. ಇದಕ್ಕೆ ಏನು ಹೇಳಬೇಕೋ ನನಗೆ ಇವತ್ತಿಗೂ ತಿಳಿಯದು. ಓದಲು ಬಂದರೆ ಸಾಲದು, ಹಾಳೆಯ ಎದುರು ನಿಂತು ‘ಇದು ಯಾವ ಹೊತ್ತಿನ ಮಾತು, ಯಾರಿಗೆ ಹೇಳಿದ ಮಾತು’ ಅಂತ ಕೇಳಲೂ ಬರಬೇಕಿತ್ತು. ನನ್ನ ಬಿಎ ಅದನ್ನು ಕಲಿಸಿರಲಿಲ್ಲ.

ಆಮೇಲೆ ಊರೂರು ಲೈಬ್ರರಿ ತಿರುಗಿ, ಮೊಬೈಲಿನಲ್ಲಿ ಹುಡುಕಿ ಓದಿದೆ. ಅರ್ಥವಾಗದ್ದನ್ನು ಡಾಕ್ಟರಮ್ಮನನ್ನೇ ಕೇಳಿದೆ. ಅವರು ಬೇಸರ ಮಾಡಿಕೊಳ್ಳದೆ ಹೇಳಿದರು. ಮೇಷ್ಟರುಗಳು ಈ ಪತ್ರಿಕೆ ಓದುತ್ತೀರಿ, ನಿಮ್ಮ ಊರುಗಳಲ್ಲೂ ಮಿಷನ್ನಿಗೆ ಹೋಗುವವರು ಇದ್ದೇ ಇರುತ್ತಾರೆ, ಅದಕ್ಕೆ ಬಿಡಿಸಿ ಬರೆಯುತ್ತೇನೆ.

ಮಿಷನ್ನು ರಕ್ತದ ಕೊಳೆಯನ್ನು ಜಾಲಿಸುತ್ತದೆ, ಆದರೆ ಅದಕ್ಕೆ ಕೊಳೆ ಯಾವುದು, ಸತ್ವ ಯಾವುದು ಅಂತ ಪೂರ್ತಿ ಗೊತ್ತಿಲ್ಲ. ಮೈ ಕಟ್ಟುವ ಪ್ರೋಟೀನಿನ ಸಣ್ಣ ಚೂರುಗಳು, ಅಮೈನೋ ಆಮ್ಲ ಅನ್ನುವವು, ಒಂದೊಂದು ಸಲಕ್ಕೂ ಆರರಿಂದ ಎಂಟು ಗ್ರಾಂನಷ್ಟು ಆ ನೀರಿನ ಜೊತೆ ಮೋರಿಗೆ ಹೋಗುತ್ತವೆ. ಒಂದು ಕೋಳಿಮೊಟ್ಟೆಯಲ್ಲಿ ಇರುವ ಪ್ರೋಟೀನು ಸುಮಾರು ಆರು ಗ್ರಾಂ. ಅಂದರೆ ಪ್ರತಿ ಸಲ ಮಿಷನ್ನು ಅವ್ವನ ಮೈಯಿಂದ ಒಂದು ಮೊಟ್ಟೆಯನ್ನೋ, ಅದಕ್ಕಿಂತ ತುಸು ಹೆಚ್ಚನ್ನೋ ಕಿತ್ತುಕೊಳ್ಳುತ್ತದೆ. ಇದು ಸಾಲದು ಅಂತ ಕಾಯಿಲೆಯೇ ಒಳಗೊಳಗೆ ಮೈಯ ಮಾಂಸವನ್ನು ಉರಿಸುತ್ತದೆ. ರಕ್ತದಲ್ಲಿ ವಿಷ ನಿಂತರೆ ಬಾಯಿ ಕಬ್ಬಿಣ ನೆಕ್ಕಿದಂತಾಗಿ ತುತ್ತು ಇಳಿಯುವುದಿಲ್ಲ. ಅದಕ್ಕೇ ಮಿಷನ್ನಿನ ಮೇಲಿರುವವರು ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದು ಗ್ರಾಂನಿಂದ ೧.೨ ಗ್ರಾಂ ಪ್ರೋಟೀನು ತಿನ್ನಬೇಕು. ಅವ್ವನ ಲೆಕ್ಕದಲ್ಲಿ ನಲವತ್ತು, ನಲವತ್ತೈದು ಗ್ರಾಂ. ನಾನು ಹಾಕುತ್ತಿದ್ದ ಊಟದಲ್ಲಿ ಕಾಲು ಕಿಲೋ ಅಕ್ಕಿಯ ಅನ್ನ, ಮೇಲೆ ಮಜ್ಜಿಗೆ ನೀರು, ಎರಡು ಬಿಸ್ಕತ್ತು, ಎಲ್ಲ ಸೇರಿ ಇಪ್ಪತ್ತು ದಾಟುತ್ತಿರಲಿಲ್ಲ. ಮಿಷನ್ನಿನ ದಿನ ಅದೂ ಇಲ್ಲ. ಐದೂವರೆ ಬಸ್ಸಿಗೆ ಬರಿ ಹೊಟ್ಟೆಯಲ್ಲಿ ಹೊರಟು, ಮಧ್ಯಾಹ್ನ ಮೂರಕ್ಕೆ ಬಂದು ಗೋಡೆಗೆ ಮುಖ ಮಾಡಿ ಮಲಗಿದರೆ ಮುಗಿಯಿತು.

ಹೀಗೆ ಸವೆಯುವುದಕ್ಕೆ ೨೦೦೮ರಲ್ಲಿ ಜಗತ್ತಿನ ಕಿಡ್ನಿ ಪಂಡಿತರು ಸೇರಿ ‘ಪ್ರೋಟೀನ್ ಎನರ್ಜಿ ವೇಸ್ಟಿಂಗ್’ ಅಂತ ಹೆಸರಿಟ್ಟರು. ಹೆಸರಿಡುವ ಮುಂಚೆಯೇ ಲೆಕ್ಕ ಸಿಕ್ಕಿತ್ತು. ಅಮೆರಿಕದಲ್ಲಿ ೧೨,೦೦೦ಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳ ರಕ್ತದ ಲೆಕ್ಕ ತೆಗೆದು, ಆಲ್ಬುಮಿನ್ ಇಳಿದಷ್ಟೂ ಸಾವು ಹತ್ತಿರ ಅಂತ ೧೯೯೦ರಲ್ಲೇ ಬರೆದಿದ್ದಾರೆ. ಶ್ರೀಮಂತ ದೇಶದಲ್ಲೇ ಹೀಗೆ. ಕಿಡ್ನಿ ಹೋಗುವ ಮೊದಲೇ ಅರೆಹೊಟ್ಟೆಯಲ್ಲಿದ್ದವರ ಗತಿಯನ್ನು ಅದರ ಮೇಲೆ ಎಣಿಸಿಕೊಳ್ಳಬೇಕು. ನೈಜೀರಿಯಾದಂಥ ಕಡೆಗಳಲ್ಲಿ ಕೈಯಿಂದ ದುಡ್ಡು ಕೊಟ್ಟೇ ಮಿಷನ್ನು ಹತ್ತಬೇಕಾಗಿ, ಎಷ್ಟೋ ಜನ ಕೆಲವೇ ವಾರಗಳಲ್ಲಿ ದುಡ್ಡು ಮುಗಿದು ಇಳಿದುಬಿಡುತ್ತಾರೆ. ನಮ್ಮಲ್ಲಿ ಮಿಷನ್ನಿನಿಂದ ಇಳಿಸುವುದಿಲ್ಲ. ಹತ್ತಿಸಿ, ತಟ್ಟೆಯ ಕಡೆ ನೋಡುವುದನ್ನು ಮರೆಯುತ್ತಾರೆ.

ಈ ಮಿಷನ್ನಿನ ಚರಿತ್ರೆ ಓದುವಾಗ ನನಗೊಂದು ಸಂಗತಿ ಸಿಕ್ಕಿತು. ಎರಡನೇ ಮಹಾಯುದ್ಧದ ನಡುವೆ, ಜರ್ಮನ್ ಸೈನ್ಯದ ಕೈಕೆಳಗಿದ್ದ ಹಾಲೆಂಡಿನ ಕಾಂಪೆನ್ ಎಂಬ ಊರಲ್ಲಿ ವಿಲೆಮ್ ಕಾಲ್ಫ್ ಎಂಬ ಡಾಕ್ಟರು ೧೯೪೩ರಲ್ಲಿ ಮೊದಲ ಮಿಷನ್ನು ಮಾಡಿದ. ರಕ್ತ ಹರಿಯಲು ಆತ ಬಳಸಿದ್ದು ಕೊಚ್ಚಿದ ಮಾಂಸ ತುಂಬಿ ಸಾಸೇಜು ಮಾಡುತ್ತಾರಲ್ಲ, ಅದರ ಸೆಲ್ಲೋಫೇನ್ ಕೊಳವೆ. ಮರದ ಪಟ್ಟಿಗಳ ಉರುಳೆಗೆ ಅದನ್ನು ಸುತ್ತಿ ತಿರುಗಿಸಿದ. ಮೊದಲಿನ ಹದಿನೈದಕ್ಕೂ ಹೆಚ್ಚು ರೋಗಿಗಳಲ್ಲಿ ಹೆಚ್ಚುಕಮ್ಮಿ ಎಲ್ಲರೂ ಸತ್ತರು. ೧೯೪೫ರಲ್ಲಿ ಅರವತ್ತೇಳು ವರ್ಷದ ಒಬ್ಬ ಹೆಂಗಸು ಬದುಕಿ ಎದ್ದಳು. ಆಮೇಲೆ ಅಮೆರಿಕದ ಸಿಯಾಟಲ್‌ನಲ್ಲಿ ಮಿಷನ್ನು ಕಮ್ಮಿ, ರೋಗಿಗಳು ಹೆಚ್ಚು ಆದಾಗ, ಯಾರು ಬದುಕಬೇಕು ಅಂತ ಆರಿಸಲು ಊರಿನ ಗಣ್ಯರ ಒಂದು ಸಮಿತಿಯನ್ನೇ ಕೂರಿಸಿದ್ದರು. ಸಂಸಾರ, ಸಂಪಾದನೆ, ಚರ್ಚಿಗೆ ಹೋಗುವ ರೂಢಿ, ಎಲ್ಲ ನೋಡಿ ಮಾರ್ಕು ಹಾಕುತ್ತಿದ್ದರು ಅಂತ ೧೯೬೨ರಲ್ಲಿ ಅಲ್ಲಿಯ ಒಂದು ಪತ್ರಿಕೆಯಲ್ಲಿ ಬಂದು ಗಲಾಟೆಯಾಯಿತು. ಅವ್ವನಂಥವಳಿಗೆ ಆ ಸಮಿತಿ ಎಷ್ಟು ಮಾರ್ಕು ಕೊಡುತ್ತಿತ್ತೋ.

ಇರಲಿ. ಡಾಕ್ಟರಮ್ಮ ಹಳೆಯ ಹಾಳೆ ಹರಿಸಿ ಹೊಸ ಹಾಳೆ ಕೊಡಿಸಿದರು. ಈ ಸಲ ನಾನು ಹುಷಾರಾಗಿ ಓದಿದೆ. ಬೇಡ ಅನ್ನುವ ಸಾಲಿನಲ್ಲಿ ರಾಗಿ, ಸೊಪ್ಪು, ಎಳನೀರು, ಬಾಳೆಹಣ್ಣು, ಒಣಮೀನು, ಉಪ್ಪಿನಕಾಯಿ. ಬೇಕು ಅನ್ನುವ ಸಾಲಿನಲ್ಲಿ ಮೊಟ್ಟೆಯ ಬಿಳಿ, ಕೋಳಿ, ಪನೀರು, ಸೇಬು, ಮತ್ತೆ ಡಬ್ಬಿಯ ಪ್ರೋಟೀನ್ ಪುಡಿ. ಆ ಡಬ್ಬಿಯ ಬೆಲೆ ಕೇಳಿದರೆ ನಾಟಿಯ ಮೂರು ದಿನದ ಕೂಲಿ. ಹದಿನೈದು ದಿನಕ್ಕೆ ಮುಗಿಯುತ್ತದೆ. ಬೇಡದ ಸಾಲು ಅಷ್ಟೂ ನಮ್ಮ ಅಡುಗೆಮನೆ, ಬೇಕಾದ ಸಾಲು ಅಷ್ಟೂ ಇನ್ಯಾರದೋ ಅಡುಗೆಮನೆ.

ಬೇಡ ಅಂದದ್ದರಲ್ಲಿ ಸುಳ್ಳೇನೂ ಇಲ್ಲ. ಕಿಡ್ನಿ ಹೋದವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಕಾಯಿಲೆಯವರನ್ನು ನೋಡಲು ಬರುವವರು ನಮ್ಮ ಕಡೆ ತರುವುದು ಎಳನೀರು. ಮದ್ದೂರಿನ ಸೀಮೆಯವರು ಇನ್ನೇನು ತಂದಾರು? ಅಷ್ಟು ಪ್ರೀತಿಯಿಂದ ಕೆತ್ತಿ ಕೊಟ್ಟದ್ದು ಡಯಾಲಿಸಿಸ್‌ನವರಿಗೆ ವಿಷದ ಹಾಗೆ. ಸೋದರಮಾವ ತಂದ ಎರಡು ಎಳನೀರನ್ನು ನಾನು ಕುಡಿದಾಗ ಆತ ಮೂರು ತಿಂಗಳು ಮಾತು ಬಿಟ್ಟಿದ್ದ.

ಕಷ್ಟವಾದದ್ದು ಬಸ್ಸಾರಿನಲ್ಲಿ. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಸೊಪ್ಪು ಕಾಳು ಬೇಯಿಸಿ, ಬಸಿದ ಕಟ್ಟಿನಿಂದ ಸಾರು, ಉಳಿದ ಸೊಪ್ಪುಕಾಳಿನಿಂದ ಪಲ್ಯ. ಡಾಕ್ಟರಮ್ಮ ಹೇಳಿದ್ದು ಇಷ್ಟು: ಕಾಳು ರಾತ್ರಿ ನೆನೆಸಿ ಆ ನೀರು ಚೆಲ್ಲಿ, ಸೊಪ್ಪು ತರಕಾರಿ ಸಣ್ಣಗೆ ಹೆಚ್ಚಿ ಜಾಸ್ತಿ ನೀರಲ್ಲಿ ಬೇಯಿಸಿ ಆ ನೀರೂ ಚೆಲ್ಲಿ, ಪೊಟ್ಯಾಸಿಯಂನಲ್ಲಿ ಬಹಳ ಪಾಲು ನೀರಿನ ಜೊತೆ ಹೋಗುತ್ತದೆ, ಕಾಳಿನ ಪ್ರೋಟೀನು ಮುಕ್ಕಾಲು ಪಾಲು ಉಳಿಯುತ್ತದೆ. ಅಂದರೆ ಪಲ್ಯ ತಿನ್ನಬಹುದು, ಕಟ್ಟು ಚೆಲ್ಲಬೇಕು. ಅವ್ವ ಬೆಚ್ಚಿಬಿದ್ದಳು. ‘ಕಟ್ಟು ಚೆಲ್ಲದಾ? ಸಾರ ಎಲ್ಲ ಅದ್ರಲ್ಲೇ ಅಲ್ವ ಇರದು? ಪಲ್ಯ ಇಲ್ದಿದ್ರೂ ಕಟ್ಟು ಕುಡ್ದು ನಿಮ್ಮನ್ನೆಲ್ಲ ಸಾಕಿವ್ನಿ.’ ಕಿಡ್ನಿ ಹೋಗುವ ತನಕ ಅವ್ವ ಹೇಳಿದ್ದೇ ಸರಿ. ಮನೆಯಲ್ಲಿ ಎಲ್ಲರಿಗೂ ಕೊನೆಗೆ ಉಣ್ಣುವವಳು ಅವಳು. ಅವಳಿಗೆ ಸಿಗುತ್ತಿದ್ದದ್ದೂ ಪಲ್ಯವಲ್ಲ, ತಳದ ಕಟ್ಟೇ. ಅವಳಿಗೆ ಈಗ ತಿರುಗಾ ಕಲಿಸುವುದೆಂದರೆ ಐವತ್ತು ವರ್ಷದ ಬದುಕನ್ನು ತಲೆಕೆಳಗು ಮಾಡಿದಂತೆ.

ರಾಗಿಯ ವಿಚಾರದಲ್ಲಿ ನಾನು ಜಗಳ ಆಡಿದೆ. ಹಿಟ್ಟಿಲ್ಲದೆ ಅವ್ವನಿಗೆ ಊಟವೇ ಅಲ್ಲ. ಅನ್ನ ನೋಡಿದರೆ ಮುಖ ತಿರುಗಿಸುತ್ತಾಳೆ. ಹಸಿವೆಯಿಂದ ಸಾಯುವುದಕ್ಕಿಂತ ಸಣ್ಣ ಮುದ್ದೆ ಮೇಲು ಅಂತ ಡಾಕ್ಟರಮ್ಮ ಕೊನೆಗೆ ಒಪ್ಪಿ, ಪ್ರತಿ ತಿಂಗಳೂ ಪೊಟ್ಯಾಸಿಯಂ ನೋಡುವ ಷರತ್ತಿನ ಮೇಲೆ ನಿಂಬೆಹಣ್ಣಿನ ಗಾತ್ರ ತೋರಿಸಿದರು. ಅವ್ವ ಅದನ್ನು ಕಿತ್ತಳೆ ಗಾತ್ರಕ್ಕೆ ಕಟ್ಟುತ್ತಾಳೆ. ನಾನು ನೋಡಿಯೂ ನೋಡದಂತಿರುತ್ತೇನೆ. ಇನ್ನೊಂದು ಸಲ ಕಾವಲುಗಾರನಾಗುವ ಧೈರ್ಯ ನನಗಿಲ್ಲ.

ಇನ್ನು ಬಾಡಿನ ಮಾತು. ಆ ಹಾಳೆ ಮಾಡಿದವರು ಅವ್ವನನ್ನು ‘ನೀವು ನಾನ್‌ವೆಜ್ಜಾ?’ ಅಂತ ಕೇಳಿದಾಗ ಅವಳು ‘ಊ’ ಅಂದಳು. ‘ಏನೇನು ತಿಂತೀರಿ?’ ಅಂದರೆ ‘ಕೋಳಿ, ಕುರಿ’ ಅಂದಳು. ಕುರಿಯ ಬಾಡು ನಮ್ಮ ಮನೆಗೆ ಯಾವತ್ತು ಬಂದಿತ್ತೋ ನನಗೆ ನೆನಪಿಲ್ಲ. ಅವ್ವನ ಮೈ ಮೂವತ್ತು ವರ್ಷ ನಾಟಿ ಹಾಕಿದ್ದು ದನದ ಬಾಡಿನ ಮೇಲೆ. ಭಾನುವಾರ ಬೆಳಿಗ್ಗೆ ಕೇರಿಯಲ್ಲಿ ಗುಡ್ಡೆ ಹಾಕುತ್ತಿದ್ದರು. ಕುರಿಬಾಡಿನ ಬೆಲೆಯ ಕಾಲು ಭಾಗಕ್ಕೆ ಒಂದು ಗುಡ್ಡೆ. ದುಡ್ಡಿಲ್ಲದಿದ್ದರೆ ಬರೆಸಿ ತರಬಹುದು. ನೂರು ಗ್ರಾಂ ಬಾಡಿನಲ್ಲಿ ಇಪ್ಪತ್ತು ಗ್ರಾಂನಷ್ಟು ಪ್ರೋಟೀನು. ಪುಸ್ತಕದಲ್ಲಿ ಆ ಲೆಕ್ಕ ನೋಡಿದ ದಿನ ನಾನು ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಅವ್ವನಿಗೆ ದಿನಕ್ಕೆ ಬೇಕಾದುದರಲ್ಲಿ ಅರ್ಧ ಅದೊಂದರಲ್ಲೇ ಇದೆ.

ಆದರೆ ಗುಡ್ಡೆ ನಿಂತುಹೋಗಿತ್ತು. ೨೦೨೦ರಲ್ಲಿ ಸದನದಲ್ಲಿ ಬಂದು ೨೦೨೧ರಲ್ಲಿ ಜಾರಿಯಾದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯಲ್ಲಿ ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ಬೇರೇನನ್ನೂ ಕಡಿಯುವಂತಿಲ್ಲ. ತಪ್ಪಿದರೆ ಮೂರರಿಂದ ಏಳು ವರ್ಷ ಸೆರೆ, ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡ. ೧೯೬೪ರ ಹಳೆಯ ಕಾಯ್ದೆಯಲ್ಲಿ ಮುದಿ ಎತ್ತಿಗಾದರೂ ಅವಕಾಶವಿತ್ತು. ಸದನದಲ್ಲಿ ಆ ಮಾತು ನಡೆಯುವಾಗ ಪುಣ್ಯಕೋಟಿಯ ನೆನಪು ಎಲ್ಲರಿಗೂ ಬಂತು. ಆಲ್ಬುಮಿನ್ ನೆನಪು ಯಾರಿಗೂ ಬಂದಂತಿಲ್ಲ. ಅದೇ ೨೦೨೧ರ ಕೊನೆಗೆ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಅದಕ್ಕೂ ಕೆಲವು ಮಠಾಧೀಶರು ಅಡ್ಡ ನಿಂತರು. ಮೊಟ್ಟೆಯೂ ಬೇಡ, ಬಾಡೂ ಬೇಡ ಅಂದರೆ ಬಡವನ ಮೈ ಯಾವುದರಿಂದ ಕಟ್ಟಬೇಕು ಅಂತ ಹೇಳಿಬಿಟ್ಟರೆ ಒಳ್ಳೆಯದು.

ಎಲ್ಲರೂ ಹೊರಗೆ ಹೋದ ಮೇಲೆ ಡಾಕ್ಟರಮ್ಮನನ್ನು ನಾನೇ ಕೇಳಿದೆ. ‘ಮೇಡಂ, ದನದ ಬಾಡು ಆಗ್ತದಾ?’ ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ‘ಮೈಗೆ ಅದೆಲ್ಲ ಒಂದೇ ಕಣಪ್ಪ. ಬೇಯಿಸಿ ನೀರು ಚೆಲ್ಲಿ, ಉಪ್ಪು ಕಮ್ಮಿ ಹಾಕಿ, ವಾರದಲ್ಲಿ ಎರಡು ಸಲ ಸ್ವಲ್ಪ ಕೊಡಿ’ ಅಂದರು. ಹಾಳೆಯಲ್ಲಿ ಮಾತ್ರ ‘ಮಾಂಸ’ ಅಂತಷ್ಟೇ ಬರೆದರು. ಅವರ ಕಷ್ಟ ಅವರಿಗೆ.

ಬಾಡು ಸಿಗಲಿಲ್ಲ, ಸಿಕ್ಕಾಗ ಬೆಲೆ ನಿಲುಕಲಿಲ್ಲ. ಮೊಟ್ಟೆಯೇ ಗತಿಯಾಯಿತು. ದಿನಕ್ಕೆ ಮೂರು ಮೊಟ್ಟೆಯ ಬಿಳಿ ಅಂದರೆ ಇಪ್ಪತ್ತು ರೂಪಾಯಿಯ ಹತ್ತಿರ, ತಿಂಗಳಿಗೆ ಆರುನೂರು. ಅವ್ವನಿಗೆ ಬರುವ ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ಬಿಪಿ ಮಾತ್ರೆ, ರಕ್ತದ ಇಂಜೆಕ್ಷನ್ನು, ನನ್ನ ಬಸ್ ಚಾರ್ಜು ಕಳೆದು ಉಳಿದದ್ದು ಮೊಟ್ಟೆಗೆ. ಹಣ ತಡವಾದ ತಿಂಗಳು ಮೊಟ್ಟೆಯೂ ತಡ. ಅರಿಶಿಣ ಭಾಗದಲ್ಲಿ ರಂಜಕ ಹೆಚ್ಚು, ಅದನ್ನು ಬಿಡಬೇಕು ಅಂದಿದ್ದಾರೆ. ಅದನ್ನು ತಮ್ಮ ತಿನ್ನುತ್ತಾನೆ.

ವಾರ್ಡಿನಲ್ಲಿ ಅವ್ವನ ಪಕ್ಕದ ಮಂಚ ನಮ್ಮೂರಿನದೇ ಒಬ್ಬ ದೊಡ್ಡ ಮನೆ ಹೆಂಗಸಿನದು. ಗದ್ದೆ ತೋಟ ಇದ್ದವರು. ಅವ್ವ ಅವರ ಗದ್ದೆಯಲ್ಲಿ ನಾಟಿ ಹಾಕಿದವಳು. ಅವರ ಮನೆಯ ಜಗಲಿ ದಾಟಿದವಳಲ್ಲ. ಕಾಯಿಲೆ ಇಬ್ಬರನ್ನೂ ಮೂರಡಿ ಅಂತರದಲ್ಲಿ ಮಲಗಿಸಿತ್ತು. ಆಕೆಯ ಮಗ ಬೆಂದ ಮೊಟ್ಟೆಗಳನ್ನು ಡಬ್ಬಿಯಲ್ಲಿ ತಂದು, ಬಿಳಿ ಬಿಡಿಸಿ ಕೊಟ್ಟು, ಅರಿಶಿಣವನ್ನು ಕಸದ ಬುಟ್ಟಿಗೆ ಹಾಕುತ್ತಿದ್ದ. ಅವ್ವ ಬುಟ್ಟಿಯನ್ನೇ ನೋಡುತ್ತಿದ್ದಳು. ಜರ್ಮನಿಯಂಥ ದೇಶಗಳಲ್ಲಿ ಮಿಷನ್ನು ನಡೆಯುವಾಗಲೇ ರೋಗಿಗಳಿಗೆ ಊಟ ಕೊಡುವ ರೂಢಿ ಇದೆ. ಉಂಡರೆ ಬಿಪಿ ಇಳಿಯುತ್ತದೆ ಅಂತ ಕೆಲವು ಕಡೆ ಬೇಡ ಅನ್ನುತ್ತಾರೆ. ನಮ್ಮಲ್ಲಿ ತಂದವರು ಉಣ್ಣಬಹುದು.

ಒಂದು ದಿನ ಆಕೆ ‘ತಗಳವ್ವ, ನಂಗೆ ಸಾಕು’ ಅಂತ ಒಂದು ಮೊಟ್ಟೆ ಚಾಚಿದಳು. ಅವ್ವ ರೂಢಿಯ ಹಾಗೆ ಸೆರಗು ಒಡ್ಡಲು ಹೋದಳು. ಎಡಗೈಗೆ ಎರಡು ಸೂಜಿ ಚುಚ್ಚಿ ಕಟ್ಟಿದ್ದಾರೆ, ಅಲ್ಲಾಡಿಸುವಂತಿಲ್ಲ. ಒಂದೇ ಕೈಯಲ್ಲಿ ಸೆರಗು ಹಿಡಿದು ಒಡ್ಡಲು ಬರುವುದಿಲ್ಲ. ಮೇಲಿನಿಂದ ಹಾಕಲು ಆಕೆಗೂ ಕೈ ಎತ್ತಲಾಗದು. ಆಕೆಯದೂ ಒಂದು ಕೈ ಕಟ್ಟಿದೆ. ಇಬ್ಬರೂ ಅರೆಗಳಿಗೆ ಹಾಗೇ ಇದ್ದರು. ಆಮೇಲೆ ಆಕೆ ಅವ್ವನ ಅಂಗೈಯಲ್ಲೇ ಮೊಟ್ಟೆ ಇಟ್ಟಳು. ಅವ್ವ ಅದನ್ನು ಅಲ್ಲೇ, ಆಕೆಯ ಎದುರಿಗೇ ತಿಂದಳು.

ಊರಲ್ಲಿ ಏನೂ ಬದಲಾಗಿಲ್ಲ. ಅದನ್ನೂ ಹೇಳಿಬಿಡುತ್ತೇನೆ.

ವಾರ್ಡಿನಲ್ಲಿ ಕಿಟಕಿ ಪಕ್ಕದ ಮಂಚದಲ್ಲಿ ಇಟ್ಟಿಗೆ ಗೂಡಿನ ಒಬ್ಬ ಅಜ್ಜ ಬರುತ್ತಿದ್ದ. ಜೊತೆಗೆ ಯಾರೂ ಇಲ್ಲ. ಟೀಯಲ್ಲಿ ಬನ್ನು ಅದ್ದಿ ತಿನ್ನುವುದು, ಅದೇ ಊಟ. ೨೦೨೪ರ ಬೇಸಿಗೆಯಲ್ಲಿ ಎರಡು ವಾರ ಮಂಚ ಖಾಲಿ ಇತ್ತು, ಮೂರನೇ ವಾರ ಅಲ್ಲಿ ಬೇರೊಬ್ಬ ಹುಡುಗ ಮಲಗಿದ್ದ. ‘ಹಾರ್ಟ್ ಅಟ್ಯಾಕ್ ಅಂತೆ’ ಅಂದ ಮಿಷನ್ನಿನ ಹುಡುಗ. ಇರಬಹುದು. ಬನ್ನು ಯಾವ ರಿಜಿಸ್ಟರಿನಲ್ಲಿ ಬರೆಯುತ್ತಾರೆ?

ಊಟವೂ ಔಷಧ ಅಂತ ಸರ್ಕಾರಕ್ಕೆ ಗೊತ್ತಿಲ್ಲದೆ ಇಲ್ಲ. ಕ್ಷಯರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆಂದೇ ೨೦೧೮ರಿಂದ ತಿಂಗಳಿಗೆ ೫೦೦ ರೂಪಾಯಿ ಕೊಡುತ್ತ ಬಂದು, ೨೦೨೪ರ ನವೆಂಬರಿನಿಂದ ಅದನ್ನು ೧,೦೦೦ಕ್ಕೆ ಏರಿಸಿದರು. ಆಂಧ್ರದ ಶ್ರೀಕಾಕುಳಂ ಕಡೆಯ ಉದ್ದಾನದಲ್ಲಿ ಕಾರಣ ತಿಳಿಯದ ಕಿಡ್ನಿ ಕಾಯಿಲೆಯಿಂದ ಹಳ್ಳಿಹಳ್ಳಿಯೇ ಮಲಗಿದಾಗ ಜನ ವರ್ಷಾನುಗಟ್ಟಲೆ ಕೂಗಿದರು. ೨೦೧೯ರಲ್ಲಿ ಆ ರಾಜ್ಯದಲ್ಲಿ ಡಯಾಲಿಸಿಸ್ ರೋಗಿಗಳಿಗೆ ತಿಂಗಳಿಗೆ ೧೦,೦೦೦ ರೂಪಾಯಿ ಪಿಂಚಣಿ ಅಂತ ಆಯಿತು. ನಮ್ಮ ವಾರ್ಡಿನಲ್ಲಿ ಅಂಥದ್ದು ಬರುವವರು ಒಬ್ಬರನ್ನೂ ನಾನು ಕಂಡಿಲ್ಲ. ನಾವು ಹನ್ನೆರಡು ಮನೆಯವರು ಸೇರಿ ಒಂದು ಅರ್ಜಿ ಬರೆದಿದ್ದೇವೆ: ಮಿಷನ್ನಿನ ದಿನ ಮೂರು ಮೊಟ್ಟೆ, ಒಂದು ಊಟ, ಮತ್ತು ಮೊದಲನೇ ದಿನವೇ ಊಟದ ವಿಚಾರವನ್ನು ಬಾಯಿಮಾತಿನಲ್ಲಿ ಬಿಡಿಸಿ ಹೇಳುವ ಒಬ್ಬ ಮನುಷ್ಯ. ಅರ್ಜಿ ಬರೆದವನು ನಾನೇ. ಎಲ್ಲರಿಗೂ ಎರಡೆರಡು ಸಲ ಓದಿ ಹೇಳಿ, ತಪ್ಪಿದ್ದರೆ ತಿದ್ದಿ ಅಂತ ಕೇಳಿ ಆಮೇಲೆ ಹೆಬ್ಬೆಟ್ಟು ಹಾಕಿಸಿದೆ. ‘ಮೊಟ್ಟೆ ಅಂತ ಬರಿ, ಮೊಟ್ಟೆ ತಿನ್ನದೋರ್ಗೆ ಹೆಸರುಬೇಳೆ ಅಂತ್ಲೂ ಬರಿ’ ಅಂದವಳು ಆ ದೊಡ್ಡ ಮನೆ ಹೆಂಗಸು.

ಅವ್ವನ ಒಣ ತೂಕ ಈಗ ೪೧. ಆಲ್ಬುಮಿನ್ ೩.೧ಕ್ಕೆ ಬಂದು ನಿಂತಿದೆ. ಗೋಡೆಯ ಹಾಳೆ ಕಿತ್ತರೂ ಗಂಜಿಯ ಕಲೆ ಹೋಗಿಲ್ಲ, ಚೌಕವಾಗಿ ಹಾಗೇ ಕಾಣುತ್ತದೆ.

ನಿನ್ನೆ ರಾತ್ರಿ ಅವ್ವ ಹೊನಗೊನೆ ಸೊಪ್ಪು, ಹೆಸರುಕಾಳು ಹಾಕಿ ಬಸ್ಸಾರಿಗೆ ಇಟ್ಟಿದ್ದಳು. ಬೆಂದ ಮೇಲೆ ಬಸಿದಳು. ಕಟ್ಟನ್ನು ಬಚ್ಚಲಿಗೆ ಸುರಿಯುತ್ತಾಳೇನೋ ಅಂತ ನಾನು ನೋಡುತ್ತಿದ್ದೆ. ಸುರಿಯಲಿಲ್ಲ. ಖಾರ ಹಾಕಿ ಕುದಿಸಿ, ಬಟ್ಟಲಿಗೆ ಬಗ್ಗಿಸಿ ನನ್ನ ಮುಂದೆ ಮಡಗಿದಳು. ತಾನು ಒಗ್ಗರಣೆ ಇಲ್ಲದ ಪಲ್ಯಕ್ಕೆ ಮುದ್ದೆ ಮುರಿದುಕೊಂಡಳು. ‘ನೀ ಕುಡಿ ಕನ್ಲ ಮಗ’ ಅಂದಳು, ‘ನಿನ್ ಕಿಡ್ನಿ ನೆಟ್ಟಗವೆ.’